ಬಾಜೂಮನೆಯ ರೊಟ್ಟಿ ಸಪ್ಪಳ

ಸಿಂಧನೂರಿನ ನಮ್ಮ ಓಣಿಯಲ್ಲಿ ಮನೆಗಳು ಒಂದರ ಹೆಗಲಿಗೊಂದು ಆನಿಕೊಂಡೇ ನಿಂತಿವೆ. ನಮ್ಮ ಅಡುಗೆಮನೆಯ ಗೋಡೆಯೇ ಬಾಜೂಮನೆಯ ದೊಡ್ಡವ್ವನ ಅಡುಗೆಮನೆಯ ಗೋಡೆ. ಅವರು ಮೆಣಸಿನಕಾಯಿ ಹುರಿದರೆ ನಾವು ಕೆಮ್ಮುತ್ತಿದ್ದೆವು, ನಾವು ಒಗ್ಗರಣೆ ಹಾಕಿದರೆ ಅವರು ಸೀನುತ್ತಿದ್ದರು. ಅದೆಂದೂ ತಕರಾರಿಗೆ ಬಂದದ್ದಿಲ್ಲ. ಕೆಮ್ಮಿಗೆ ಕಾರಣ ಮೆಣಸಿನಕಾಯಿ ಎಂದು ಎಲ್ಲರೂ ನಂಬಿದ್ದ ಒಳ್ಳೆಯ ಕಾಲ ಅದು.

ಹಿತ್ತಲಲ್ಲಿ, ಎರಡೂ ಮನೆಗಳ ನಡುವಿನ ಗೋಡೆಗೆ ಒಂದು ಗಿಡ್ಡ ಬಾಗಿಲು. ಅದನ್ನು ಯಾರು ಯಾಕೆ ಇಡಿಸಿದರೋ ಗೊತ್ತಿಲ್ಲ, ನಾನು ಕಣ್ಣು ಬಿಟ್ಟಾಗಿನಿಂದ ಅದು ತೆರೆದೇ ಇತ್ತು. ನಮ್ಮವ್ವ, ದೊಡ್ಡವ್ವ ಒಂದೇ ವರ್ಷ ಈ ಓಣಿಗೆ ಸೊಸೆಯರಾಗಿ ಬಂದವರು. ರಕ್ತಸಂಬಂಧ ಏನೂ ಇಲ್ಲ. ಅವ್ವನಿಗೆ ಅವಳು ಯಕ್ಕ, ಅವಳಿಗೆ ಅವ್ವ ತಂಗಿ, ನನಗೆ ದೊಡ್ಡವ್ವ. ಮಧ್ಯಾಹ್ನದ ಊಟ ಆದ ಮೇಲೆ ಇಬ್ಬರೂ ಆ ಬಾಗಿಲ ಹೊಸ್ತಿಲಿಗೆ ಕೇರುವ ಮೊರ ಹಿಡಿದು ಕೂತರೆಂದರೆ, ಜೋಳದ ಜೊತೆಗೆ ಇಡೀ ಓಣಿಯನ್ನೂ ಕೇರಿ, ಕಲ್ಲು ಮಣ್ಣು ಆರಿಸಿ, ಹಸನು ಮಾಡಿಯೇ ಏಳುತ್ತಿದ್ದರು. ಅವ್ವನಿಗೆ ದಮ್ಮು, ಮೇಲೆ ಸಕ್ಕರೆ ಕಾಯಿಲೆ. ಅವಳು ದಿನಕ್ಕೆರಡು ಸಲ ಗುಳಿಗಿ ತಗೊಳ್ಳುತ್ತಿದ್ದದ್ದು ನಿಜ. ಆದರೆ ಅವಳನ್ನು ನಡೆಸುತ್ತಿದ್ದದ್ದು ಆ ಹೊಸ್ತಿಲು.

ಸೋಂಕಿನ ಜಡ್ಡು ಹಬ್ಬಿ ಎಲ್ಲಾ ಬಂದ್ ಎಂದು ಸಾರಿದ ದಿನ ನಾನು ಮಾಡಿದ ಮೊದಲ ಕೆಲಸವೆಂದರೆ ಆ ಬಾಗಿಲಿಗೆ ಚಿಲಕ ಹಾಕಿದ್ದು. ಜನ ಸಕ್ಕರೆ, ಎಣ್ಣೆ, ಬೇಳೆ ತರಲು ಬಜಾರಿಗೆ ಓಡಿದರು. ನಾನು ಹಿತ್ತಲಿಗೆ ಓಡಿದೆ. ಚಿಲಕಕ್ಕೆ ಜಂಗು ಹತ್ತಿತ್ತು. ಎಳೆದರೆ ಓಣಿಗೆಲ್ಲ ಕೇಳುವಂತೆ ಕಿರುಗುಟ್ಟಿತು. ಆಚೆ ಕಡೆ ಪಾತ್ರೆ ತಿಕ್ಕುತ್ತಿದ್ದ ದೊಡ್ಡವ್ವನ ಕೈ ನಿಂತದ್ದು ತಿಳಿಯಿತು.

"ಯಾವನಲೇ ಅವ, ಹಾಡೇಹಗಲ ಚಿಲಕ ಹಾಕಾವ?"

"ನಾನ ದೊಡ್ಡವ್ವ. ಜಡ್ಡು ಬಂದೈತೆಲ್ಲ, ಅದಕ್ಕ."

"ಜಡ್ಡು ನನ್ನ ಮನ್ಯಾಗ ಐತೇನಲೇ?"

"ಹಂಗಲ್ಲ ದೊಡ್ಡವ್ವ, ಅವ್ವಗ ದಮ್ಮು…"

"ಹಾಕ್ಕೋ ಹಾಕ್ಕೋ. ಕೀಲಿನೂ ಜಡ್ಕೋ."

ಆಮೇಲೆ ಅವಳು ನಮ್ಮ ಕಡೆಗೆ ಮಾತೇ ಬಿಟ್ಟಳು. ಅವ್ವ ಗೋಡೆಯ ಹತ್ತಿರ ನಿಂತು "ಯಕ್ಕಾ, ಯಕ್ಕಾ" ಎಂದು ಕರೆದರೂ ಓಗೊಡಲಿಲ್ಲ. ದೊಡ್ಡವ್ವನ ಸಿಟ್ಟು ಗೊತ್ತಿದ್ದವರಿಗೆ ಅದು ಬೇಗ ಇಳಿಯುವಂಥದ್ದಲ್ಲ ಎಂಬುದೂ ಗೊತ್ತು. ಅವ್ವ ಎರಡು ದಿನ ನನ್ನ ಜೊತೆಗೂ ಮಾತು ಬಿಟ್ಟಳು. ಮೂರನೆಯ ದಿನ ಬೆಳಿಗ್ಗೆ ರೊಟ್ಟಿ ಬಡಿಯಲು ಕೂತವಳು ಸ್ವಲ್ಪ ಹೊತ್ತು ಕೈ ತಡೆದು ಗೋಡೆಗೆ ಕಿವಿ ಕೊಟ್ಟಳು. ಆಚೆಯಿಂದಲೂ ರೊಟ್ಟಿ ಸಪ್ಪಳ ಬರುತ್ತಿತ್ತು. "ಅರಾಮ ಅದಾಳ," ಎಂದು ತನಗೆ ತಾನೇ ಹೇಳಿಕೊಂಡು ಮತ್ತೆ ಬಡಿಯತೊಡಗಿದಳು.

ಜೋಳದ ರೊಟ್ಟಿಯ ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲಟ್ಟಿಸಿದ ಚಪಾತಿಗೆ ಸಪ್ಪಳವಿಲ್ಲ, ರೊಟ್ಟಿಗೆ ಇದೆ. ಹಿಟ್ಟಿನ ಉಂಡೆಯನ್ನು ಅಂಗೈಯಿಂದ ಬಡಿಯುತ್ತ, ತಿರುಗಿಸುತ್ತ, ಮತ್ತೆ ಬಡಿಯುತ್ತ ದೊಡ್ಡದು ಮಾಡುವಾಗ ಒಬ್ಬೊಬ್ಬರ ಕೈಗೆ ಒಂದೊಂದು ಗತ್ತು. ಅವ್ವನದು ಅವಸರದ ಕೈ, ಪಟಪಟಪಟ, ನಡುವೆ ದಮ್ಮು ತಡೆದು ನಿಲ್ಲುತ್ತದೆ. ದೊಡ್ಡವ್ವನದು ಭಾರದ ಕೈ. ಎರಡು ದೊಡ್ಡ ಪೆಟ್ಟು, ಬಳೆಯ ಝಣ್, ಒಂದು ಸಣ್ಣ ಪೆಟ್ಟು. ಮತ್ತೆ ಎರಡು ದೊಡ್ಡವು. ಹುಡುಗನಾಗಿದ್ದಾಗ ಆ ಸಪ್ಪಳಕ್ಕೇ ನಾನು ಹಾಸಿಗೆಯಿಂದ ಏಳುತ್ತಿದ್ದೆ. ಓಣಿಯೆಲ್ಲ ಮೂಕಾದ ಆ ತಿಂಗಳುಗಳಲ್ಲಿ ಇಬ್ಬರು ಮುದುಕಿಯರ ನಡುವೆ ಓಡಾಡುತ್ತಿದ್ದ ಸಮಾಚಾರ ಅದೊಂದೇ. ಈ ಕಡೆಯಿಂದ ಪಟಪಟ, ಆ ಕಡೆಯಿಂದ ಧಪ್ ಧಪ್. ಸಿಟ್ಟು ಮಾತಿಗಿತ್ತೇ ಹೊರತು ರೊಟ್ಟಿಗಿರಲಿಲ್ಲ.

ಮುಂದೆ ಒಂದೊಂದೇ ಸಡಿಲಾಗತೊಡಗಿತು. ಮೊದಲು ಕಿರಾಣಿ ಅಂಗಡಿ ಮಧ್ಯಾಹ್ನದ ತನಕ, ಆಮೇಲೆ ಬಟ್ಟೆ ಅಂಗಡಿ, ಆಮೇಲೆ ಕ್ಷೌರದ ಅಂಗಡಿ. ಹೋಟೆಲಿನವರು ಅರ್ಧ ಶಟರ್ ಎತ್ತಿ ಪಾರ್ಸಲ್ ಕೊಡತೊಡಗಿದರು. ಓಣಿಯವರು ಮುಖವಸ್ತ್ರವನ್ನು ಮೂಗಿನಿಂದ ಬಾಯಿಗೆ, ಬಾಯಿಯಿಂದ ಗದ್ದಕ್ಕೆ ಇಳಿಸಿದರು. ಭತ್ತದ ಗದ್ದೆಯವರು ಕಾಲುವೆಗೆ ನೀರು ಯಾವಾಗ ಬಿಡುತ್ತಾರೆಂದು ಕಟ್ಟೆಯ ಮೇಲೆ ಮೊದಲಿನ ಹಾಗೆಯೇ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಮಾತಾಡತೊಡಗಿದರು. ಎಲ್ಲರಿಗೂ ಧೈರ್ಯ ಬಂತು. ನನಗೆ ಆಗಲೇ ನಿಜವಾದ ಭಯ ಶುರುವಾದದ್ದು. ಬಂದ್ ಇದ್ದಾಗ ಪೊಲೀಸರು ನನ್ನ ಪರವಾಗಿ ಲಾಠಿ ಹಿಡಿದು ನಿಂತಿದ್ದರು. ಈಗ ಯಾರು ಎಲ್ಲಿಗೆ ಹೋಗಿ ಏನು ಹೊತ್ತು ತಂದರು ಎಂದು ನೋಡಿಕೊಳ್ಳುವ ಜವಾಬ್ದಾರಿ ನನ್ನೊಬ್ಬನ ತಲೆಗೇ ಬಿದ್ದಂತಾಯಿತು.

ಬೆಳಿಗ್ಗೆ ಎದ್ದ ಕೂಡಲೇ ನಾನು ಮಾಡುತ್ತಿದ್ದ ಕೆಲಸ ಇಂಗಿನ ಡಬ್ಬಿ ಮೂಸುವುದು. ಜಡ್ಡು ಬಂದರೆ ಮೂಗಿಗೆ ವಾಸನೆ ಹತ್ತುವುದಿಲ್ಲ ಎಂದು ಎಲ್ಲೋ ಕೇಳಿದ್ದೆ. ಇಂಗು ಹತ್ತಿದರೆ ಆ ದಿನ ಪಾಸು. ಒಂದು ದಿನ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಇಂಗು ಇದ್ದಲ್ಲೇ ಐತ್ರಿ. ಎಲ್ಲೂ ಹೋಗಿಲ್ಲ," ಎಂದಳು.

"ಹಂಗ ನೋಡಾಕತ್ತಿದ್ದೆ."

"ದಿನಾ ನೋಡಾಕತ್ತೀರಿ. ಅದರ ವಾಸನಿನ ಖಾಲಿ ಆಗ್ತೈತಿ ಇನ್ನ."

ಆಮೇಲೆ ಒಂದು ದಿನ ಇಂಗಿನ ವಾಸನೆ ನಿಜಕ್ಕೂ ಕಡಿಮೆ ಅನ್ನಿಸಿತು. ಮೂಗಿನ ದೋಷವೋ, ಡಬ್ಬಿಯದೋ ತಿಳಿಯದೆ ಮಧ್ಯಾಹ್ನದವರೆಗೆ ಬೆಳ್ಳುಳ್ಳಿ, ಸೀಮೆಎಣ್ಣೆ, ವಿಭೂತಿ ಗಟ್ಟಿ ಎಲ್ಲವನ್ನೂ ಮೂಸಿಕೊಂಡು ತಿರುಗಿದೆ.

ಕಚೇರಿಗಳೂ ತೆರೆದವು. ನನ್ನದು ಮಸ್ಕಿಯ ಕಚೇರಿಯೊಂದರಲ್ಲಿ ಗುಮಾಸ್ತಿಕೆ. ಲಿಂಗಸುಗೂರಿಗೆ ಹೋಗುವ ಬಸ್ಸು ಹತ್ತಿ ಮಸ್ಕಿಗೆ ಇಳಿಯಬೇಕು. ಬಸ್ಸಿನಲ್ಲಿ ಒಂದು ಸೀಟು ಬಿಟ್ಟು ಒಂದು ಸೀಟಿಗೆ ಸುಣ್ಣದಲ್ಲಿ ಕತ್ತರಿ ಗುರುತು ಹಾಕಿದ್ದರು. ಜನ ಆ ಗುರುತಿನ ಮೇಲೆ ಚೀಲ ಇಟ್ಟು, ಚೀಲದ ಮೇಲೆ ತಾವು ಕೂತಿದ್ದರು. ನಾನು ಕಿಟಕಿಗೆ ಅಂಟಿಕೊಂಡು, ಉಸಿರನ್ನು ಆದಷ್ಟು ಹೊರಗಿನಿಂದಲೇ ತಗೊಳ್ಳುತ್ತಿದ್ದೆ. ಒಂದು ದಿನ ಹೊರಗಿನಿಂದ ತಗೊಂಡ ಉಸಿರಿನ ಜೊತೆ ಹೊಲದ ಧೂಳೂ ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಕೆಮ್ಮಿದೆ. ಸಣ್ಣಗೆ ಕೆಮ್ಮಿದ್ದರೆ ನಡೆಯುತ್ತಿತ್ತೇನೋ; ತಡೆದು ತಡೆದು ಕೆಮ್ಮಿದ್ದರಿಂದ ಅದು ಒಳಗಿನಿಂದ ಎದ್ದು ಬಂದಂತೆ ಬಂತು.

ಮುಂದಿನ ಸೀಟಿನ ಹೆಂಗಸು ಸೆರಗು ಮೂಗಿಗೆ ಒತ್ತಿ ತಿರುಗಿದಳು. "ಎಲ್ಲಿಂದ ಬಂದೀರ್ರೀ ಯಪ್ಪಾ?"

"ಇಲ್ಲೇ ಸಿಂಧನೂರ್ರಿ ಯಕ್ಕಾ. ಧೂಳಾತು."

"ಎಲ್ಲಾರೂ ಮೊದಲ ಧೂಳಂತನ ಅಂತಾರ," ಎಂದು ಹಿಂದಿನಿಂದ ಯಾರೋ ಅಂದರು.

ಮಸ್ಕಿ ಬರುವ ಹೊತ್ತಿಗೆ ಆ ಬಸ್ಸಿನಲ್ಲಿ ಸರ್ಕಾರ ಹೇಳಿದಷ್ಟು ಅಂತರ ಸಿಕ್ಕಿದ್ದು ನನಗೊಬ್ಬನಿಗೇ.

ಸಂಜೆ ಮನೆಗೆ ಬಂದರೆ ಅವ್ವನದು ಒಂದೇ ಮಾತು. "ಯಪ್ಪಾ, ಎಲ್ಲಾ ತಗದಾರಂತ. ಗುಡಿ ಸೈತ ತಗದಾರಂತ. ಹಿತ್ತಲ ಬಾಗಿಲ ತಗೀತಿಯೇನು?"

"ಇನ್ನ ಸ್ವಲ್ಪ ದಿನ ಅವ್ವ."

"ನಿನ್ನ ಸ್ವಲ್ಪ ದಿನ ಮುಗಿಯೂದರಾಗ ನಾವಿಬ್ರೂ ಇರ್ತೀವೋ ಇಲ್ಲೋ."

ಅವಳು ಸುಮ್ಮನೆ ಹೇಳುತ್ತಿರಲಿಲ್ಲ. ಊಟ ಇಳಿದಿತ್ತು. ಮಧ್ಯಾಹ್ನ ಮೊರ ತಗೊಂಡು ಮುಚ್ಚಿದ ಬಾಗಿಲಿನ ಮುಂದೆಯೇ ಕೂರುತ್ತಿದ್ದಳಂತೆ, ಹೆಂಡತಿ ಹೇಳುತ್ತಿದ್ದಳು. ಹಸನಾದ ಜೋಳವನ್ನೇ ಮತ್ತೆ ಹಸನು ಮಾಡುತ್ತಿದ್ದಳಂತೆ. ಬಾಗಿಲು ತೆರೆದರೆ ಜಡ್ಡು ಬಂದು ಅವ್ವನನ್ನು ಕರೆದುಕೊಂಡು ಹೋಗುತ್ತದೆಂದು ನನ್ನ ಭಯ. ತೆರೆಯದಿದ್ದರೆ ಜಡ್ಡು ಬರುವ ತನಕವೂ ಇವಳು ಉಳಿಯಲಿಕ್ಕಿಲ್ಲ ಎಂದು ಹೆಂಡತಿಯ ಅಂಬೋಣ. ನಾನು ನಡುವೆ ಚಿಲಕದ ಹಾಗೆ ಸಿಕ್ಕಿಕೊಂಡಿದ್ದೆ.

ಒಂದು ಬೆಳಿಗ್ಗೆ ಇಂಗು ಮೂಸಿ ಪಾಸಾಗಿ ಚಹಾ ಕುಡಿಯುತ್ತಿದ್ದೆ. ಅವ್ವ ರೊಟ್ಟಿ ಬಡಿಯುತ್ತಿದ್ದವಳು ನಿಂತಳು. ಕೈ ಹಿಟ್ಟಿನಲ್ಲೇ ಇತ್ತು. ಆಚೆಯಿಂದ ಸಪ್ಪಳ ಬರುತ್ತಿತ್ತು, ಆದರೆ ಅದಕ್ಕೆ ಗತ್ತು ಇರಲಿಲ್ಲ. ಧಪ್. ಸ್ವಲ್ಪ ಹೊತ್ತು ಏನೂ ಇಲ್ಲ. ಧಪ್ ಧಪ್ ಧಪ್ ಎಂದು ಯಾರೋ ಯಾರಿಗೋ ಬಡಿದಂತೆ. ಮತ್ತೆ ಏನೂ ಇಲ್ಲ. ಬಳೆಯ ಸಪ್ಪಳ ಇಲ್ಲವೇ ಇಲ್ಲ.

"ಇದು ಅಕಿ ಕೈ ಅಲ್ಲ," ಎಂದಳು ಅವ್ವ. ಗೋಡೆಗೆ ಬಾಯಿ ಹಚ್ಚಿ ಯಕ್ಕಾ ಎಂದು ಕರೆದಳು, ಯಾರೂ ಓಗೊಡಲಿಲ್ಲ.

ನನ್ನ ಕೈಯಲ್ಲಿನ ಚಹಾ ಆರಿತು. ಆ ಮನೆಯಲ್ಲಿ ದೊಡ್ಡವ್ವ ಬಿಟ್ಟರೆ ಇದ್ದದ್ದು ಅವಳ ಮಗ ಒಬ್ಬನೇ. ಅವನು ಹಟ್ಟಿಯ ಗಣಿಯಲ್ಲಿ ಕೆಲಸಗಾರ, ಅಲ್ಲೇ ಕಂಪನಿ ಮನೆಯಲ್ಲಿ ಇರುವವನು, ಕೆಲ ದಿನಗಳ ಹಿಂದೆ ಗಾಡಿ ಹಾಕಿಕೊಂಡು ಊರಿಗೆ ಬಂದಿದ್ದ. ಅವನ ಹೆಂಡತಿ ಹೆರಿಗೆಗೆಂದು ಲಿಂಗಸುಗೂರಿನ ತವರಿಗೆ ಹೋದವಳು ಇನ್ನೂ ಅಲ್ಲೇ ಇದ್ದಳು. ಹಾಗಾದರೆ ರೊಟ್ಟಿ ಬಡಿಯುತ್ತಿರುವ ಈ ಮೂರನೆಯ ಕೈ ಯಾರದು? ಭೂಮಿಯ ಹೊಟ್ಟೆಯೊಳಗೆ ಇಳಿದು ಕಲ್ಲು ಒಡೆಯುವ, ಕಿವಿಯ ತನಕ ಮೀಸೆ ಬಿಟ್ಟ ಆ ಮನುಷ್ಯ ಹಿಟ್ಟಿಗೆ ಕೈ ಹಚ್ಚಿಯಾನು ಎಂಬುದು, ಜಗತ್ತಿನ ಎಲ್ಲದರ ಮೇಲೂ ಅನುಮಾನ ಪಡುವ ನನಗೂ ಹೊಳೆಯಲಿಲ್ಲ. ಹೊರಗಿನಿಂದ ಯಾರನ್ನೋ ಕರೆತಂದು ಒಳಗೆ ಇಟ್ಟುಕೊಂಡಿದ್ದಾರೆ ಎಂದು ನಾನು ಅಲ್ಲಿಯೇ ತೀರ್ಮಾನಿಸಿದೆ. ಪುಣೆಯವರೋ, ಮುಂಬೈಯವರೋ, ಹೈದರಾಬಾದಿನವರೋ ಎಂಬುದಷ್ಟೇ ಬಾಕಿ ಇತ್ತು.

ಅನುಮಾನ ಒಮ್ಮೆ ಬಾಯಿ ತೆರೆದರೆ ಅದಕ್ಕೆ ಮೇವು ತಾನಾಗಿ ಸಿಗುತ್ತದೆ. ಗಣಿ ಕೆಲಸ ಮತ್ತೆ ಶುರುವಾಗಿತ್ತು. ಮಗ ಮಾತ್ರ ಹಟ್ಟಿಗೆ ಹೋಗದೆ ಮನೆಯಲ್ಲೇ ಇದ್ದ. ಒಂದು ಮುಂಜಾನೆ ಮುಖಕ್ಕೆಲ್ಲ ಟವೆಲ್ ಸುತ್ತಿದ ಒಬ್ಬ ಮನುಷ್ಯ ಗಾಡಿಯಲ್ಲಿ ಬಂದು, ಚೀಲ ಹಿಡಿದು ಅವರ ಮನೆ ಹೊಕ್ಕು, ಸ್ವಲ್ಪ ಹೊತ್ತಿಗೆ ಹೊರಬಂದು, ಯಾರ ಜೊತೆಗೂ ಮಾತಾಡದೆ ಹೋದ. ಒಳಗಿನಿಂದ ನರಳಿದ ದನಿ ಕೇಳಿತೆಂದು ಹೆಂಡತಿಯೂ ಒಪ್ಪಿದಳು. ಮಗನಿಗೆ ಫೋನು ಮಾಡಿದೆ.

"ದೊಡ್ಡವ್ವ ಅರಾಮ ಅದಾಳೇನೋ ತಮ್ಮ?"

"ಅದಾಳಣ್ಣ. ಮಲಗ್ಯಾಳ."

"ಮುಂಜಾನಿ ಹತ್ತಕ್ಕ ಮಲಗ್ಯಾಳೇನಲೋ?"

"ಮಲಗ್ಯಾಳಣ್ಣ," ಎಂದು ಇಟ್ಟುಬಿಟ್ಟ.

ಇದೆಲ್ಲಕ್ಕಿಂತ ದೊಡ್ಡ ಸಾಕ್ಷಿ ಸಿಕ್ಕಿದ್ದು ಓಣಿಯ ಮೂಲೆಯ ಕಸದಲ್ಲಿ. ನಮ್ಮ ಕಸ ಹಾಕಲು ಹೋಗಿದ್ದೆ. ಅವರ ಮನೆಯ ಕಸದ ಪೊಟ್ಟಣ ನಾಯಿ ಎಳೆದು ಹರಿದಿತ್ತು. ಒಳಗೆ ತತ್ತಿಯ ಸಿಪ್ಪೆ. ಒಂದಲ್ಲ, ಒಂದು ಹಿಡಿಯಷ್ಟು. ಅದು ಬೆಳಿಗ್ಗೆ ವಿಭೂತಿ ಹಚ್ಚದೆ, ಲಿಂಗಪೂಜೆ ಆಗದೆ ನೀರೂ ಮುಟ್ಟದ ಮನೆ. ತತ್ತಿ ಮಾರುವ ಗಾಡಿ ಓಣಿಗೆ ಬಂದರೆ ದೊಡ್ಡವ್ವ ಕದ ಹಾಕಿಕೊಳ್ಳುತ್ತಿದ್ದಳು. ಆ ದಿನಗಳಲ್ಲಿ ಜಡ್ಡು ಬಂದವರಿಗೆ ಶಕ್ತಿ ಬರಲೆಂದು ತತ್ತಿ ತಿನ್ನಿಸುತ್ತಾರೆ ಎಂಬ ಮಾತು ಎಲ್ಲ ಕಡೆ ಇತ್ತು. ನಾನು ಓಡುತ್ತ ಬಂದು ಹೆಂಡತಿಗೆ ಹೇಳಿದೆ. ಒಂದೇ ನೋಟಕ್ಕೆ ಅದು ತತ್ತಿಯ ಸಿಪ್ಪೆಯೇ ಎಂದು ಗುರುತು ಹಿಡಿಯುವ ಪರಿಣತಿ ವಿಭೂತಿ ಹಚ್ಚುವ ನನಗೆ ಎಲ್ಲಿಂದ ಬಂತೆಂದು ಅವಳು ಕೇಳಲಿಲ್ಲ. ಮಸ್ಕಿ ಬಸ್‌ಸ್ಟ್ಯಾಂಡಿನ ಆಮ್ಲೆಟ್ ಬಂಡಿಯ ವಿಚಾರ ಅವಳಿಗೆ ಮೊದಲೇ ಗೊತ್ತಿರಬಹುದೆಂಬ ಹೊಸ ಅನುಮಾನ ಅಂದಿನಿಂದ ಶುರುವಾಯಿತು.

"ಆ ಮನ್ಯಾಗ ಜಡ್ಡಿನವರು ಅದಾರ," ಎಂದೆ ಅವ್ವನಿಗೆ. "ಬಾಗಿಲ ತಗೀ ಅಂತಿದ್ದಿ. ನೋಡೀಗ."

ಅವ್ವ ಗೋಡೆಯ ಕಡೆ ತಿರುಗಿ, "ಹೊಸಬರು ಯಾರು ಬಂದಾರನ್ನೂದು ನಿನ್ನ ಚಿಂತಿ. ಇದ್ದಾಕಿ ಎಲ್ಲಿ ಹೋದಳನ್ನೂದು ನನ್ನ ಚಿಂತಿ," ಎಂದಳು. "ಈಗೀಗ ಯಾರಿಗೂ ಹೇಳದ ಮಣ್ಣು ಮಾಡಾಕತ್ತಾರಂತಲ್ಲಪ್ಪ. ಮಕ್ಕಳಿಗೆ ಸೈತ ಮುಖ ತೋರಸಂಗಿಲ್ಲಂತ."

ಒಂದೇ ಸಪ್ಪಳ ಕೇಳಿ ನಾನು ಒಬ್ಬರು ಹೆಚ್ಚಾಗಿದ್ದಾರೆಂದು ಲೆಕ್ಕ ಹಾಕಿದ್ದೆ. ಅವ್ವ ಒಬ್ಬರು ಕಡಿಮೆಯಾಗಿದ್ದಾರೆಂದು ಹಾಕಿದ್ದಳು. ಆ ದಿನ ಅವಳು ತಾನು ಬಡಿದ ರೊಟ್ಟಿಯನ್ನು ತಾನೇ ಮುಟ್ಟಲಿಲ್ಲ. ಮರುದಿನವೂ ಅರ್ಧ ರೊಟ್ಟಿ ಹಾಲಿನಲ್ಲಿ ಮುರಿದುಕೊಂಡು ಹಾಗೆಯೇ ಬಿಟ್ಟಳು. ಸಕ್ಕರೆ ಕಾಯಿಲೆಯವಳು ಹೀಗೆ ಉಪವಾಸ ಬಿದ್ದರೆ ಏನಾಗುತ್ತದೆ ಎಂದು ನಾನು ಯೋಚಿಸತೊಡಗಿದೆ. ಯೋಚಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಅದರ ಮರುದಿನ ಆಶಾ ಕಾರ್ಯಕರ್ತೆ ಓಣಿಗೆ ಬಂದಳು. ಬಿಸಿಲಿಗೆ ಬೆವೆತು, ಎಲ್ಲರ ಬಾಗಿಲಿಗೂ ನಿಂತು ಜ್ವರ ಐತೇನು, ನೆಗಡಿ ಐತೇನು ಎಂದು ಕೇಳಿ ಬೈಸಿಕೊಂಡು ಬಂದಿದ್ದಳು. ನಮ್ಮ ಬಾಗಿಲಲ್ಲಿ ನನ್ನ ಜ್ವರ ನೋಡಿದ ಮೇಲೆ ದನಿ ಇಳಿಸಿದಳು.

"ಸರ್, ಬಾಜೂಮನ್ಯಾಗ ಯಾರರ ಹೊರಗಿನವರು ಬಂದಾರೇನ್ರಿ? ಓಣ್ಯಾಗ ಮಾತಾಡಾಕತ್ತಾರ."

ನನ್ನ ಅನುಮಾನ ನನ್ನೊಬ್ಬನದೇ ಅಲ್ಲ ಎಂದು ಗೊತ್ತಾಗಿ ಒಂದು ಥರ ಸಮಾಧಾನವೇ ಆಯಿತು. ಬಾಯಿ ತೆರೆದೆ. ಹೌದು ಎಂದರೆ ಅವರ ಬಾಗಿಲಿಗೆ ತಗಡು ಬಡಿಯುತ್ತಾರೆ, ಒಳಗಿದ್ದವರನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗುತ್ತಾರೆ. ಇಲ್ಲ ಎಂದರೆ ಜಡ್ಡು ನನ್ನ ಅಡುಗೆಮನೆಯ ಗೋಡೆಗೆ ಬೆನ್ನು ಹಚ್ಚಿ ಕೂತಿದೆ. "ಏನಂದ್ರ…" ಎಂದೆ. ಅಷ್ಟರಲ್ಲಿ ಹಿಂದಿನಿಂದ ಅವ್ವ ಬಂದಳು.

"ಯಾರೂ ಬಂದಿಲ್ಲವ್ವ. ನಮ್ಮಕ್ಕನ ಕಾಣವಲ್ಲಳು. ಅಕೀನ್ನ ತೋರಸಂತ ಹೇಳು ಅವಗ."

ಆಶಾ ಬಾಜೂಮನೆಯ ಬಾಗಿಲು ಬಡಿದಳು. ಮಗ ಅರ್ಧ ಕದ ತೆಗೆದು ನಿಂತ. ಅವನ ಮೀಸೆಯ ಒಂದು ಕಡೆ ಬೆಳ್ಳಗಿತ್ತು. ಜ್ವರ ಇಲ್ಲ, ಕೆಮ್ಮು ಇಲ್ಲ, ಯಾರೂ ಬಂದಿಲ್ಲ, ಅವ್ವ ಮಲಗ್ಯಾಳ ಎಂದು ಒಂದೇ ಉಸಿರಿಗೆ ಹೇಳಿ ಕದ ಹಾಕಿಕೊಂಡ. ಆಶಾ ನಮ್ಮ ಕಡೆ ತಿರುಗಿ, "ನಾಳಿಗೆ ಡಾಕ್ಟರನ್ನ ಕರ್ಕೊಂಡ ಬರ್ತೀನ್ರಿ," ಎಂದು ಹೋದಳು.

ಅವ್ವ ಅಲ್ಲಿಂದ ನೇರ ಹಿತ್ತಲಿಗೆ ನಡೆದಳು. "ಚಿಲಕ ತಗಿ."

"ಅವ್ವ, ನಾಳಿಗೆ ಡಾಕ್ಟರ್ ಬರ್ತಾರ, ಅವರು ನೋಡ್ಲಿ…"

"ನಾಳಿಗೆ ಅವರು ಒಯ್ತಾರ. ನಾ ಇವತ್ತ ನೋಡಬೇಕು. ತಗೀತಿಯೋ, ಗೋಡಿ ಹಾರ್ಲೋ?"

ಮಂಚದಿಂದ ಇಳಿಯಲು ಕೈ ಕೇಳುವ ಅವ್ವ ಗೋಡೆ ಹಾರುವುದನ್ನು ಯೋಚಿಸಿದೆ. ಜಡ್ಡಿನಿಂದ ಸತ್ತರೆ ಯಾರನ್ನಾದರೂ ಬೈಯಬಹುದು, ಗೋಡೆಯಿಂದ ಬಿದ್ದರೆ ನನ್ನನ್ನೇ ಬೈಯುತ್ತಾರೆ. ಮುಖವಸ್ತ್ರದ ಮೇಲೊಂದು ಮುಖವಸ್ತ್ರ ಕಟ್ಟಿಕೊಂಡು ಚಿಲಕಕ್ಕೆ ಕೈ ಹಾಕಿದೆ. ಮಳೆಗೆ ಇನ್ನಷ್ಟು ಜಂಗು ಹತ್ತಿತ್ತು. ಕೊಬ್ಬರಿ ಎಣ್ಣೆ ಬಿಟ್ಟು, ರುಬ್ಬುವ ಗುಂಡಿನಿಂದ ಬಡಿದು, ಬೆರಳು ಜಜ್ಜಿಕೊಂಡು ಕಡೆಗೆ ಎಳೆದೆ. ಬಾಗಿಲು ನೂಕಿದೆ. ಅಲುಗಲಿಲ್ಲ. ಹೆಗಲು ಕೊಟ್ಟು ನೂಕಿದೆ. ಇಲ್ಲ.

ಹೆಂಡತಿ ಬಗ್ಗಿ ಸಂದಿಯಲ್ಲಿ ನೋಡಿದಳು. "ಆ ಕಡಿಂದನೂ ಅಗಳಿ ಹಾಕ್ಯಾರಲ್ರಿ," ಎಂದಳು. ಮತ್ತೂ ಬಗ್ಗಿ ನೋಡಿ, "ನಿಮ್ಮ ಚಿಲಕದಕಿಂತ ದೊಡ್ಡದೈತಿ," ಎಂದು ಸೇರಿಸಿದಳು.

ಇಷ್ಟು ದಿನ ನಾನು ಕಾಯುತ್ತಿದ್ದ ಬಾಗಿಲನ್ನು ಆಚೆಯಿಂದ ಬೇರೆ ಯಾರೋ ನನ್ನ ವಿರುದ್ಧ ಕಾಯುತ್ತಿದ್ದರು! ಅವ್ವ ನನ್ನನ್ನು ಬದಿಗೆ ಸರಿಸಿದಳು. ಅಂಗೈ ಅಗಲಿಸಿ ಬಾಗಿಲಿನ ಹಲಗೆಯ ಮೇಲೆ ಬಡಿದಳು. ಯಾರನ್ನೋ ಕರೆಯುವಾಗ ಬಡಿಯುವಂತೆ ಅಲ್ಲ. ಪಟಪಟಪಟ, ದಮ್ಮು ತಡೆದು, ಮತ್ತೆ ಪಟಪಟಪಟ. ರೊಟ್ಟಿ ಬಡಿದಂತೆಯೇ.

ಆಚೆ ಸದ್ದಿಲ್ಲ. ಅವ್ವ ಮತ್ತೆ ಬಡಿದಳು. ನಾನು ಮುಖವಸ್ತ್ರದೊಳಗೆ ಉಸಿರು ಹಿಡಿದು ನಿಂತಿದ್ದೆ, ಈ ಸಲ ಜಡ್ಡಿಗೆ ಹೆದರಿ ಅಲ್ಲ.

ಆಮೇಲೆ ಆ ಕಡೆಯ ಹಲಗೆಯ ಮೇಲೆ ಕೈ ಬಿತ್ತು. ಎಡವುತ್ತ, ತಡವರಿಸುತ್ತ. ಎರಡು ದೊಡ್ಡ ಪೆಟ್ಟು. ಒಂದು ಬಳೆಯ ಝಣ್. ಒಂದು ಸಣ್ಣ ಪೆಟ್ಟು.

"ಅದಾಳ!" ಎಂದಳು ಅವ್ವ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ, ಪ್ರೀತಿಗೆ ಬೈಯುತ್ತ. "ಅದಾಳ ನನ ಹಾಟ್ಯಾಳ. ಎಡಗೈಲೆ ಬಡ್ಯಾಕತ್ತಾಳ ನೋಡು."

ಅಗಳಿ ತೆಗೆದದ್ದು ಮಗ. ಮೊಣಕೈ ತನಕ ಜೋಳದ ಹಿಟ್ಟು, ಮೀಸೆಗೂ ಅದೇ. ಅವನ ಹಿಂದೆ ದೊಡ್ಡವ್ವ. ಬಲಗೈಗೆ ಬಿದಿರ ಸೀಳು ಇಟ್ಟು, ದಪ್ಪ ಬಟ್ಟೆ ಸುತ್ತಿ, ಕೊರಳಿಗೆ ಜೋತು ಹಾಕಿದ್ದರು. ಬಟ್ಟೆಯ ಅಂಚಿನಲ್ಲಿ ಒಣಗಿದ ಮಾಸಲು ಬಿಳಿ ಪರೆ.

ಬಚ್ಚಲಲ್ಲಿ ಜಾರಿ ಬಿದ್ದು ಮುಂಗೈ ಮುರಿದಿತ್ತು. ದವಾಖಾನೆಗೆ ಹೋದರೆ ಮೊದಲು ಗಂಟಲಿನ ಪರೀಕ್ಷೆ ಮಾಡುತ್ತಾರೆ, ಅದರಲ್ಲಿ ಏನಾದರೂ ಬಂದರೆ ಒಯ್ಯುತ್ತಾರೆ, ಒಯ್ದರೆ ತಿರುಗಿ ಬರುವುದಿಲ್ಲ ಎಂದು ಹೆದರಿ ಮುದುಕಿ ಹಟ ಹಿಡಿದಿದ್ದಳು. ಮಗ ರಜೆ ಹಾಕಿ, ಮುಕ್ಕುಂದದ ಕಡೆಯ ಎಲುಬು ಕಟ್ಟುವವನನ್ನು ಕರೆಸಿದ್ದ. ಟವೆಲ್ ಸುತ್ತಿಕೊಂಡು ಬಂದವನು ಅವನೇ. ಉದ್ದಿನ ಹಿಟ್ಟನ್ನು ತತ್ತಿಯ ಬಿಳಿಯಲ್ಲಿ ಕಲಸಿ ಹಚ್ಚಿ ಕಟ್ಟಿದರೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದಂತೆ.

"ಅವ ತತ್ತಿ ಅಂದ್ನೋ ಇಲ್ಲೋ, ನನಗ ಜೀವ ಹೋದಂಗಾತು," ಎಂದಳು ದೊಡ್ಡವ್ವ. "ದೇವರ ಕ್ವಾಣಿ ಬಾಗಿಲ ಮುಚ್ಚಿ ಹಚ್ಚಿಸಿಕೊಂಡೀನಿ. ಯಾರಿಗಿ ಹೇಳ್ಲಿ?"

"ನನಗ ಹೇಳಬೇಕಿತ್ತಿಲ್ಲೇನು?" ಎಂದು ಅವ್ವ ಸಿಡಿದಳು. "ಕರದ್ರ ಓ ಅನ್ನಾಕೂ ಏನಾಗಿತ್ತು ನಿನಗ? ಸತ್ತೀ ಅಂತ ಮಾಡಿದ್ನಿ."

"ಓ ಅಂದಿದ್ರ ಅಳು ಬರ್ತಿತ್ತು. ಅತ್ರ ನೀ ಹಾರಿ ಬರಾಕಿ. ನಿನಗ ದಮ್ಮು. ಇವ ಹಟ್ಟಿಂದ ಬಂದಾನ, ಗಾಡಿ ಹತ್ತಿ ಎಲ್ಲೆಲ್ಲಿ ನಿಂತು ಬಂದಾನೋ." ಮಗ ತಲೆ ತಗ್ಗಿಸಿ ಮೀಸೆ ಒರೆಸಿಕೊಂಡ, ಇನ್ನಷ್ಟು ಬೆಳ್ಳಗಾದ. ಆಮೇಲೆ ಅವಳು ನನ್ನ ಕಡೆ ನೋಡಿದಳು. "ಅದೂ ಅಲ್ಲದ, ಇವ ದಿನಾ ಬಸ್ಸಿನ್ಯಾಗ ಮಸ್ಕಿಗೆ ಹೋಗಿ ಬರ್ತಾನ. ಯಾರ್ಯಾರ ಬಾಜೂ ಕೂತು ಬರ್ತಾನೋ. ಬಸ್ಸಿನ್ಯಾಗ ಕೆಮ್ಮಿದ್ನಂತ, ಓಣ್ಯಾಗ ಹೇಳ್ಯಾರ. ಅದಕ್ಕ ಅಗಳಿ ಹಾಕಿಸೀನಿ."

"ಧೂಳು ದೊಡ್ಡವ್ವ ಅದು," ಎಂದೆ.

"ಎಲ್ಲಾರೂ ಮೊದಲ ಧೂಳಂತನ ಅಂತಾರ," ಎಂದಳು. ಆ ಬಸ್ಸಿನಲ್ಲಿ ಹಿಂದೆ ಕೂತು ಈ ಮಾತು ಅಂದವರು ಯಾರೆಂದು ನನಗೆ ಇಂದಿಗೂ ಗೊತ್ತಾಗಿಲ್ಲ; ನಮ್ಮ ಓಣಿಯವರೇ ಎಂದು ಮಾತ್ರ ಗೊತ್ತಾಯಿತು.

ಅವ್ವ ಅಷ್ಟು ಹೊತ್ತಿಗೆ ಅವರ ಅಡುಗೆಮನೆಯಲ್ಲಿದ್ದಳು. ಮಗ ಮಾಡಿಟ್ಟಿದ್ದ ರೊಟ್ಟಿ ಒಂದನ್ನು ಬೆಳಕಿಗೆ ಹಿಡಿದು ನೋಡಿದಳು. ಒಂದು ಕಡೆ ಬೆರಳಿನಷ್ಟು ದಪ್ಪ, ಇನ್ನೊಂದು ಕಡೆ ತೂತು.

"ಲೇ, ಇದನ್ನ ತಿಂದ ಬದಕ್ಯಾಳಲ್ಲ ನಿಮ್ಮವ್ವ, ಅಕೀಗೆ ಯಾ ಜಡ್ಡು ಏನು ಮಾಡ್ತೈತಿ? ರೊಟ್ಟಿ ಬಡೀ ಅಂದ್ರ ಗಣಿ ಒಡ್ಯಾಕತ್ತೀಯಲ್ಲೋ! ಏಳತ್ಲಾಗ."

ಎಸರಿಟ್ಟು, ಹಿಟ್ಟು ಕಲಸಿ ಕೂತಳು. ನಾನು ಬಾಗಿಲಲ್ಲೇ ನಿಂತು, ಕೈ ತೊಳೆಯುವ ಔಷಧದ ಬಾಟಲಿ ಮುಂದೆ ಚಾಚಿ, "ಅವ್ವ, ಇದೊಂದೀಟು ಕೈಗೆ…" ಎಂದೆ. ಇಬ್ಬರೂ ಮುದುಕಿಯರು ಒಟ್ಟಿಗೇ ತಿರುಗಿ ನೋಡಿದ ರೀತಿಗೆ ಬಾಟಲಿಯನ್ನು ಕಿಸೆಗೆ ಹಾಕಿಕೊಂಡೆ. ಅವ್ವ ಆ ದಿನ ಅಲ್ಲೇ, ಬಿಸಿ ಹಂಚಿನ ಪಕ್ಕದಲ್ಲಿ ಕೂತು, ಪುಂಡಿಪಲ್ಯ ಹಚ್ಚಿಕೊಂಡು ಹೊಟ್ಟೆ ತುಂಬ ಉಂಡಳು.

ಮರುದಿನ ಆಶಾ ಬಂದಳು. ಕೈ ನೋಡಿ ತಾಯಿ ಮಗ ಇಬ್ಬರಿಗೂ ಚೆನ್ನಾಗಿ ಬೈದಳು. ಎಲುಬಿನ ಡಾಕ್ಟರರು ಮತ್ತೆ ನೋಡಲು ಶುರು ಮಾಡಿದ್ದಾರೆ, ಯಾರೂ ಎಲ್ಲಿಗೂ ಒಯ್ಯುವುದಿಲ್ಲ ಎಂದು ತಾನೇ ಜೊತೆಗೆ ಕೂತು ಕರೆದುಕೊಂಡು ಹೋದಳು. ತತ್ತಿಯ ಕಟ್ಟು ಹೋಗಿ ಸಿಮೆಂಟಿನ ಕಟ್ಟು ಬಂತು. ಮುಂಗೈ ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತು, ಆದರೆ ಕೂಡಿಕೊಂಡಿತು. ಮಗ ಹಟ್ಟಿಗೆ ಹೋದ. ಹೋಗುವಾಗ ನನ್ನನ್ನು ಓಣಿಯ ತುದಿಗೆ ಕರೆದು, "ಅಣ್ಣ, ರೊಟ್ಟಿ ಮಾಡಿದ್ದು ಮಾತ್ರ ಯಾರ ಮುಂದೂ ಹೇಳಬ್ಯಾಡ. ಅಲ್ಲಿ ಷಿಫ್ಟಿನವರಿಗೆ ಗೊತ್ತಾದ್ರ ಹೆಸರಿಟ್ಟು ಕರೀತಾರ," ಎಂದ. ಅವನ ಹೆಸರನ್ನು ನಾನು ಇಲ್ಲಿ ಬರೆದಿಲ್ಲ.

ಹಿತ್ತಲ ಬಾಗಿಲು ತೆರೆದೇ ಇದೆ. ಅವ್ವ ಬೆಳಿಗ್ಗೆ ಎದ್ದವಳೇ ಆಚೆ ಹೋಗಿ ಅಲ್ಲೇ ಎರಡೂ ಮನೆಯ ರೊಟ್ಟಿ ಬಡಿಯತೊಡಗಿದಳು. ನಾನು ಈ ಕಡೆ ಚಹಾ ಹಿಡಿದು ಕೂತಿರುತ್ತಿದ್ದೆ. ಹುಟ್ಟಿದಾಗಿನಿಂದ ಎದುರಿಗೇ ಕೇಳಿದ ಆ ಪಟಪಟ ಮೊದಲ ಸಲ ಗೋಡೆಯಾಚೆಯಿಂದ ಬರುತ್ತಿತ್ತು. ನಡುವೆ ದಮ್ಮಿಗೆ ನಿಂತಾಗ ನನ್ನ ಕಪ್ಪೂ ನಿಲ್ಲುತ್ತಿತ್ತು. ಮತ್ತೆ ಶುರುವಾದರೆ ಕುಡಿಯುತ್ತಿದ್ದೆ.

ಒಂದು ದಿನ ಹೀಗೆಯೇ ನಿಂತ ಸಪ್ಪಳ ಮತ್ತೆ ಶುರುವಾಗಲಿಲ್ಲ. ಬದಲಿಗೆ ಕೆಮ್ಮು ಕೇಳಿತು. ಒಬ್ಬರದಲ್ಲ, ಇಬ್ಬರದೂ. ಕಪ್ಪು ಇಟ್ಟು, ಚಪ್ಪಲಿ ಮರೆತು, ಬೆರಳಿಗೆ ಕಚ್ಚಿಸುವ ಆಕ್ಸಿಜನ್ ಕ್ಲಿಪ್ಪು ಹಿಡಿದು ಓಡಿದೆ. ಇಬ್ಬರೂ ಒಲೆಯ ಮುಂದೆ ಆರಾಮವಾಗಿ ಕೂತಿದ್ದರು. ಮೆಣಸಿನಕಾಯಿ ಹುರಿದ ಘಾಟೂ ಇರಲಿಲ್ಲ.

"ನೋಡ್ದ್ಯಾ ಯಕ್ಕಾ," ಎಂದಳು ಅವ್ವ, "ಕೂಗಿದ್ರ ಕಿವಿಗಿ ಬೀಳಂಗಿಲ್ಲ ಇವಗ. ಕೆಮ್ಮಿದ್ರ ಓಡಿ ಬರ್ತಾನ." ಆಮೇಲೆ ನನಗೆ, "ಆ ಕೊಡ ತುಂಬಿಕೊಂಡ ಬಾ. ಅಕೀಗೆ ಎತ್ತಾಕ ಬರಂಗಿಲ್ಲ."

ಅಂದಿನಿಂದ ಅವರಿಗೆ ನೀರು ಬೇಕಾದರೂ ಕೆಮ್ಮು, ಹಿಟ್ಟಿನ ಡಬ್ಬಿ ಮೇಲಿನಿಂದ ಇಳಿಸಬೇಕಾದರೂ ಕೆಮ್ಮು. ಕಳ್ಳ ಕೆಮ್ಮು ಎಂದು ನನಗೆ ಗೊತ್ತು. ಆದರೂ ಪ್ರತಿ ಸಲವೂ ಕ್ಲಿಪ್ಪು ತಗೊಂಡೇ ಹೋಗುತ್ತೇನೆ. ಹತ್ತರಲ್ಲಿ ಒಂದು ನಿಜದ್ದಿರಬಹುದು. ಅದು ಯಾವುದೆಂದು ಅವರು ನನಗೆ ಹೇಳುವವರಲ್ಲ.